ಪುಷ್ಪಗಿರಿ ತಪ್ಪಲಿಗೆ ಅತಿಥಿಗಳು ಬರಲಿ, ಜೆಸಿಬಿ ಬೇಡ

ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಹೋಬಳಿಯ, ಪುಷ್ಪಗಿರಿ ತಪ್ಪಲಿನ ಒಂದು ಊರು. ನಾಲ್ಕು ಎಕರೆ ಕಾಫಿ, ಮೆಣಸು, ಸ್ವಲ್ಪ ಏಲಕ್ಕಿ ಇದೆ. ಎಂಟು ವರ್ಷ ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳಿದ್ದೇನೆ. ವಾರಾಂತ್ಯ ಬಂತೆಂದರೆ ಮಡಿಕೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಕಡೆಗೆ ಬರುವವರು ಮಲ್ಲಳ್ಳಿ ಜಲಪಾತ ನೋಡಿ ಹಾಗೆಯೇ ಹಿಂದಿರುಗುತ್ತಾರೆ. ಪರಿಚಯದವರೊಬ್ಬರು ಮನೆಯ ಮೇಲಿನ ಬಾಣೆಯನ್ನು, ಅಂದರೆ ಗುಡ್ಡದ ಇಳಿಜಾರಿನ ಜಾಗವನ್ನು, ಸಮತಟ್ಟು ಮಾಡಿ ಹತ್ತು ಕಾಟೇಜ್ ಕಟ್ಟೋಣ, ಹಣ ತಾವು ಹಾಕುತ್ತೇವೆ ಎನ್ನುತ್ತಿದ್ದಾರೆ. ತಂದೆಯವರು ಒಪ್ಪುತ್ತಿಲ್ಲ. ಇಲ್ಲಿ ಪರಿಸರ ಪ್ರವಾಸೋದ್ಯಮಕ್ಕೆ ನಿಜವಾಗಿ ಅವಕಾಶವಿದೆಯೇ?

ಉತ್ತರ: ಅವಕಾಶ ಖಂಡಿತ ಇದೆ. ಆದರೆ ಬಾಣೆಯ ವಿಚಾರದಲ್ಲಿ ನಿಮ್ಮ ತಂದೆಯವರ ಮಾತೇ ಸರಿ. ಅವರನ್ನು ಒಪ್ಪಿಸುವ ಪ್ರಯತ್ನವನ್ನು ಇವತ್ತೇ ಬಿಟ್ಟುಬಿಡಿ.

ನಿಮ್ಮ ಮನೆಯ ಹಿಂದೆ ಏನಿದೆ ಎಂಬುದನ್ನು ಹೊರಗಿನವರ ಕಣ್ಣಿನಿಂದ ಒಮ್ಮೆ ನೋಡಿ. 1,712 ಮೀಟರ್ ಎತ್ತರದ ಪುಷ್ಪಗಿರಿ, ಅಂದರೆ ಕುಮಾರಪರ್ವತ, ತಡಿಯಂಡಮೋಳ್ ಬಿಟ್ಟರೆ ಕೊಡಗಿನಲ್ಲಿ ಅತಿ ಎತ್ತರದ ಶಿಖರ. ಅದರ ಸುತ್ತಲಿನ ಸುಮಾರು 103 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿಯೂ ಅದರಲ್ಲಿತ್ತು. ಒಂದು ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆ ಮಲ್ಲಳ್ಳಿಯಲ್ಲಿ ಧುಮುಕಿ, ಸುಬ್ರಹ್ಮಣ್ಯದ ಕಡೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇದೇ ಬೆಟ್ಟಸಾಲಿನಲ್ಲಿ ಹುಟ್ಟುವ ಹಾರಂಗಿ ಪೂರ್ವಕ್ಕೆ ಹರಿದು ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ನಿಮ್ಮ ಊರಿನ ಮೇಲೆ ಸುರಿದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುವುದನ್ನು ಅತಿಥಿಯೊಬ್ಬರಿಗೆ ಬೆಟ್ಟದ ನೆತ್ತಿಯಲ್ಲಿ ನಿಂತು ಕೈ ಚಾಚಿ ತೋರಿಸಬಹುದು. ಇದನ್ನು ಯಾವ ರೆಸಾರ್ಟ್ ಕಟ್ಟಿಕೊಟ್ಟೀತು?

ಇನ್ನು ಕಾಡು. ಮೇಲೆ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ಕಾಡು, ಕೆಳಗೆ ನಿತ್ಯಹರಿದ್ವರ್ಣದ ದಟ್ಟಡವಿ. ದೊಡ್ಡ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಹಕ್ಕಿ ಕಾಣುವ ಮೊದಲೇ ಕೇಳುತ್ತದೆ. ಕೆಂಜಳಿಲು ನಿಮಗೆ ದಿನನಿತ್ಯದ ನೆಂಟ. ನಗರದ ಮಗು ಅದನ್ನು ನೋಡಿ ಅರ್ಧ ಗಂಟೆ ಕದಲದೆ ನಿಂತದ್ದನ್ನು ನಾನು ಕಂಡಿದ್ದೇನೆ. ಮೇ ಕೊನೆಯಲ್ಲಿ ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆ ಅರಳುತ್ತದೆ. ಅದೇ ಹೊತ್ತಿಗೆ, ಮುಂಗಾರಿಗೆ ಮುಂಚಿನ ರಾತ್ರಿಗಳಲ್ಲಿ, ಮಿಂಚುಹುಳುಗಳು ಇಡೀ ಮರವನ್ನು ಹಚ್ಚಿ ಆರಿಸುತ್ತವೆ. ಫೆಬ್ರವರಿ, ಮಾರ್ಚ್‌ನ ಹೂಮಳೆ ಬಿದ್ದು ಒಂದು ವಾರ ಕಳೆದ ಮೇಲೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಹರಡುವ ಮೂರ್ನಾಲ್ಕು ದಿನಗಳಿಗಾಗಿಯೇ ಬರುವ ಜನರಿದ್ದಾರೆ. ಇವುಗಳಲ್ಲಿ ಯಾವುದಕ್ಕೂ ಕಾಂಕ್ರೀಟ್ ಬೇಕಿಲ್ಲ. ಬೇಕಾಗಿರುವುದು ಯಾವ ಮರ, ಯಾವ ವಾರ, ಯಾವ ಹೊತ್ತು ಎಂದು ಬಲ್ಲ ಒಬ್ಬ ಮನುಷ್ಯ. ಆ ಮನುಷ್ಯ ನೀವು, ಅಥವಾ ನಿಮ್ಮ ತೋಟದಲ್ಲಿ ವರ್ಷಗಳಿಂದ ದುಡಿಯುತ್ತಿರುವ ಯಾರೋ ಒಬ್ಬರು.

ಬಾಣೆಯನ್ನು ಸಮತಟ್ಟು ಮಾಡುವ ಮಾತು ನನ್ನನ್ನು ಹೆದರಿಸುತ್ತದೆ. ಇಳಿಜಾರನ್ನು ಕಡಿದರೆ ಮೇಲ್ಭಾಗದಲ್ಲಿ ಒಂದು ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಹುಟ್ಟುತ್ತದೆ, ಅಗೆದ ಸಡಿಲ ಮಣ್ಣು ಕೆಳಭಾಗದಲ್ಲಿ ಕೂರುತ್ತದೆ. ಬೆಟ್ಟದ ಮಣ್ಣಿಗೆ ಆಸರೆಯಾಗಿರುವುದು ಅದರ ಪಾದ. ಪಾದ ಕಡಿದ ಮೇಲೆ ಬೇರುಗಳೊಂದೇ ಎಷ್ಟು ದಿನ ಹಿಡಿದಾವು? ಅದರ ಮೇಲೆ ಹತ್ತು ಕಾಟೇಜುಗಳ ಚಾವಣಿ ನೀರು, ಸ್ನಾನದ ನೀರು, ಇಂಗುಗುಂಡಿಯ ನೀರು ಎಲ್ಲವೂ ಅದೇ ಇಳಿಜಾರಿನೊಳಕ್ಕೆ ಇಳಿಯುತ್ತವೆ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಬಿಡದೆ ಮಳೆ ಹೊಯ್ದಾಗ, ನೀರು ಕುಡಿದ ಆ ಮಣ್ಣಿನ ಪದರ ಕೆಳಗಿನ ಬಂಡೆಯ ಮೇಲಿಂದ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಕಡೆ ಆದ ಭೂಕುಸಿತಗಳನ್ನು ನೀವೂ ನೋಡಿದ್ದೀರಿ. ಮಳೆ ವಿಪರೀತವಾಗಿತ್ತು, ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಪರಿಶೀಲಿಸಿದಾಗ, ರಸ್ತೆಗೆ ಮತ್ತು ಕಟ್ಟಡಕ್ಕೆಂದು ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಮುಖ್ಯ ಕಾರಣವಾಗಿ ಎತ್ತಿ ತೋರಿಸಿದರು.

ಕಾನೂನಿನ ಮಾತೂ ಇದೆ. ವನ್ಯಜೀವಿಧಾಮಗಳ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿ, ಧಾಮದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಹೊಸ ವಾಣಿಜ್ಯ ಹೋಟೆಲ್, ರೆಸಾರ್ಟ್‌ಗಳಿಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತದೆ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಹಣ ಹಾಕುವವರಿಗೆ ನಷ್ಟವಾದರೆ ಅವರು ಬೇರೆ ಊರಿಗೆ ಹೋಗುತ್ತಾರೆ. ಕಡಿದ ಬರೆ ಮಾತ್ರ ನಿಮ್ಮ ಮನೆಯ ನೆತ್ತಿಯ ಮೇಲೆಯೇ ಇರುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಈಗಿರುವ ಮನೆಯಿಂದ. ಎರಡು ಕೋಣೆ ಬಿಟ್ಟುಕೊಡಲು ಸಾಧ್ಯವಿದ್ದರೆ ಅಷ್ಟೇ ಸಾಕು. ನೀವು ಅದೇ ಮನೆಯಲ್ಲಿ ವಾಸವಿರಬೇಕು. ಹೋಂಸ್ಟೇ ಎಂಬ ಮಾತಿಗೆ ಅರ್ಥ ಬರುವುದೇ ಆಗ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಗ್ರಾಮ ಪಂಚಾಯಿತಿ ಮತ್ತು ಪೊಲೀಸ್ ಠಾಣೆಯ ಕಾಗದಪತ್ರಗಳನ್ನು ಮೊದಲೇ ಮುಗಿಸಿ.

ಎಷ್ಟು ಜನರಿಗೆ ಜಾಗ ಕೊಡಬಹುದು ಎಂಬುದನ್ನು ಕೋಣೆ ಎಣಿಸಿ ತೀರ್ಮಾನಿಸಬೇಡಿ, ನೀರು ಅಳೆದು ತೀರ್ಮಾನಿಸಿ. ನಾನು ಹೋದ ಕಡೆಯಲ್ಲೆಲ್ಲ ಮೊದಲು ಮಾಡಿಸುವ ಕೆಲಸ ಇದು. ಏಪ್ರಿಲ್‌ನಲ್ಲಿ, ಒರತೆ ತೀರಾ ಸಣ್ಣದಾಗಿರುವಾಗ, ಇಪ್ಪತ್ತು ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ತುಂಬಲು ಐದು ನಿಮಿಷ ಹಿಡಿದರೆ ನಿಮಿಷಕ್ಕೆ ನಾಲ್ಕು ಲೀಟರ್, ದಿನಕ್ಕೆ 5,760 ಲೀಟರ್ ಆಯಿತು. ಅದರಲ್ಲಿ ಮನೆಯ ಖರ್ಚು, ದನಕರು, ಕಾಫಿ ನರ್ಸರಿ, ಕೆಳಗಿನ ಮನೆಯವರ ಪಾಲು ಎಲ್ಲವನ್ನೂ ಕಳೆಯಿರಿ. ಅರ್ಧದಷ್ಟನ್ನು ಕಾಡಿಗೂ ಹೊಳೆಗೂ ಬಿಡಿ. ಉಳಿದದ್ದನ್ನು ತಲೆಗೆ ನೂರು ಲೀಟರ್‌ನಂತೆ ಹಂಚಿದಾಗ ಬರುವ ಸಂಖ್ಯೆಯೇ ನಿಮ್ಮ ಬೆಟ್ಟ ಹೊರಬಲ್ಲ ಅತಿಥಿಗಳ ಸಂಖ್ಯೆ. ಅದು ಆರು ಎಂದಾದರೆ ಏಳನೆಯವರಿಗೆ ಫೋನಿನಲ್ಲೇ ಇಲ್ಲವೆನ್ನಬೇಕು.

ಆರು ಜನರಿಂದ ಬದುಕು ನಡೆಯುತ್ತದೆಯೇ ಎಂದು ನೀವು ಕೇಳಬಹುದು. ಒಬ್ಬರೇ ಮಾಡಿದರೆ ಕಷ್ಟ. ಊರಿನ ಐದಾರು ಮನೆಗಳು ಸೇರಿದರೆ ಚಿತ್ರ ಬದಲಾಗುತ್ತದೆ. ಒಂದು ಮನೆಯಲ್ಲಿ ವಸತಿ, ಇನ್ನೊಂದರಲ್ಲಿ ಊಟ, ಹಕ್ಕಿ ತೋರಿಸುವವರು ಒಬ್ಬರು, ಜೀಪ್ ಓಡಿಸುವವರು ಇನ್ನೊಬ್ಬರು. ಬೆಲೆಯನ್ನು ಒಟ್ಟಾಗಿ ಗೊತ್ತುಮಾಡಿ. ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಬೆಲೆ ಇಳಿಸಿ ಎಲ್ಲರೂ ಸೋಲುತ್ತೀರಿ. ಕೇರಳದ ಪೆರಿಯಾರ್‌ನಲ್ಲಿ, ಹಿಂದೆ ಕಾಡಿನಲ್ಲಿ ಕದ್ದು ಬೇಟೆಯಾಡುತ್ತಿದ್ದವರು, ತೊಗಟೆ ಸುಲಿಯುತ್ತಿದ್ದವರು 1990ರ ದಶಕದ ಕೊನೆಯಿಂದ ಸಂಘ ಕಟ್ಟಿಕೊಂಡು ಪ್ರವಾಸಿಗರನ್ನು ಕಾಡಿಗೆ ಕರೆದೊಯ್ಯುವ ಮಾರ್ಗದರ್ಶಕರಾದರು. ಕಾಡು ಕಾಯುವುದೂ ಅವರ ಕೆಲಸವಾಯಿತು. ಕಾಡಿನ ಒಳಹೊರಗು ಬಲ್ಲವರಿಗೇ ಸಂಬಳ ಸಿಗುವಂತಾದದ್ದು ಅದರ ಗುಟ್ಟು. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಬರೀ ಕಾಗದದ ಮೇಲಿದ್ದರೆ ಅದಕ್ಕೆ ಜೀವ ತುಂಬಲು ಇದೇ ಸಮಯ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಮುಕ್ಕೋಡ್ಲು ಕಡೆಯವಳು. 2018ರಲ್ಲಿ ನಮ್ಮ ತೋಟದ ಅರ್ಧ ಭಾಗ ಹೋಯಿತು. ಈಗ ಮಾಂದಲಪಟ್ಟಿ, ಕೋಟೆಬೆಟ್ಟಕ್ಕೆ ಮತ್ತೆ ಜೀಪುಗಳು ಸಾಲುಗಟ್ಟಿವೆ. ನಮಗೆ ಪ್ರವಾಸಿಗರು ಬೇಕೇ?

ಉತ್ತರ: ಅಮ್ಮಾ, ಈ ಪ್ರಶ್ನೆ ಕೇಳುವ ಹಕ್ಕು ನಿಮಗಿರುವಷ್ಟು ಬೇರೆ ಯಾರಿಗೂ ಇಲ್ಲ. ಬೇಡವೆಂದು ಒಂದು ಊರು ಹೇಳಿದರೆ ಅದನ್ನು ಗೌರವಿಸಬೇಕೆಂದೇ ನಾನು ನಂಬಿದ್ದೇನೆ.

2021ರಲ್ಲಿ ಆ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ನಾನೂ ಬಂದಿದ್ದೆ. ಇಳಿಜಾರುಗಳೆಲ್ಲ ನೀಲಿಯಾಗಿದ್ದವು. ಫೋಟೊಗಾಗಿ ಗಿಡಗಳ ನಡುವೆ ಕುಳಿತವರು ಎದ್ದು ಹೋದ ಮೇಲೆ ಅಲ್ಲಿ ಚಾಪೆಯಷ್ಟಗಲ ಮುರಿದ ಕಾಂಡಗಳು ಉಳಿದಿದ್ದವು. ಕುರಿಂಜಿ ಹೂ ಬಿಟ್ಟು, ಬೀಜ ಉದುರಿಸಿ, ಸಾಯುವ ಗಿಡ. ಬೀಜ ಕಟ್ಟುವ ಮೊದಲೇ ಮುರಿದರೆ ಮುಂದಿನ ತಲೆಮಾರೇ ಇಲ್ಲ. ನೋವಾಯಿತು. ಹುಲ್ಲುಗಾವಲಿನ ಮೇಲೆ ಚಕ್ರ ಹರಿದರೂ ಹೀಗೆಯೇ. ಹುಲ್ಲಿನ ಬೇರುಗಳು ಹೆಣೆದ ಚರ್ಮ ಹರಿಯುತ್ತದೆ, ಮೊದಲ ಮಳೆಗೆ ಆ ಗೀರು ಚರಂಡಿಯಾಗುತ್ತದೆ, ಮೂರನೆಯ ಮಳೆಗಾಲಕ್ಕೆ ಕೊರಕಲು. ಆ ಹುಲ್ಲು ಸ್ಪಂಜಿನಂತೆ ನೀರು ಹಿಡಿದು ಬೇಸಿಗೆಯಲ್ಲಿ ನಿಮ್ಮ ಒರತೆಗೆ ಬಿಡುತ್ತಿರುತ್ತದೆ.

ಆದ್ದರಿಂದ ನಿಮ್ಮ ಗ್ರಾಮಸಭೆಯಲ್ಲಿ ಮೂರು ಬೇಡಿಕೆ ಇಡಿ ಎಂದು ಕೇಳಿಕೊಳ್ಳುತ್ತೇನೆ. ಜೀಪುಗಳು ಹುಲ್ಲಿನ ಅಂಚಿನಲ್ಲೇ ನಿಲ್ಲಲಿ, ಅಲ್ಲಿಂದ ಮುಂದೆ ಎಲ್ಲರೂ ನಡೆಯಲಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬರಲಿ. ರಾಜ್ಯದ ಚಾರಣದ ದಾರಿಗಳಲ್ಲಿ ಆನ್‌ಲೈನ್ ಟಿಕೆಟ್ ಮೂಲಕ ದಿನಕ್ಕೆ 300 ಜನರ ಮಿತಿ 2024ರಿಂದಲೇ ಜಾರಿಗೆ ಬಂದಿದೆ, ಹಾಗಾಗಿ ಇದು ಆಗದ ಮಾತಲ್ಲ. ಮತ್ತು ಜುಲೈ, ಆಗಸ್ಟ್‌ನಲ್ಲಿ ಈ ಬೆಟ್ಟಗಳು ಪೂರ್ತಿ ಮುಚ್ಚಿರಲಿ. ಮಳೆ ನೋಡಲೆಂದು ಬಂದವರ ಸಾಲು ನಿಮ್ಮ ಒಂದೇ ರಸ್ತೆಯನ್ನು ತುಂಬಿದರೆ, ಬರೆ ಕುಸಿದ ದಿನ ಆಂಬುಲೆನ್ಸ್ ಎಲ್ಲಿಂದ ಬರಬೇಕು?

ಇನ್ನೊಂದು ಮಾತು, ಶಿಕ್ಷಕಿಯಾದ ನಿಮಗಾಗಿಯೇ. ಗಟ್ಟಿ ನೆಲದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಸಿಲ್ವರ್ ಓಕ್ ವಾಲುವುದು, ಯಾವತ್ತೂ ಇಲ್ಲದ ಕಡೆ ಒರತೆ ಒಡೆಯುವುದು, ತಿಳಿಯಾಗಿದ್ದ ತೋಡಿನಲ್ಲಿ ಇದ್ದಕ್ಕಿದ್ದಂತೆ ಕೆಂಪು ನೀರು, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ಈ ಸೂಚನೆಗಳಲ್ಲಿ ಒಂದು ಕಂಡರೂ ರಾತ್ರಿಯಾಗುವ ಮೊದಲೇ ಮನೆ ಬಿಡಬೇಕು. ಇವನ್ನು ಊರಿನ ಮಕ್ಕಳಿಗೆ ಕಲಿಸಿ. ಹೋಂಸ್ಟೇ ನಡೆಸುವ ಪ್ರತಿಯೊಬ್ಬರಿಗೂ ಕಲಿಸಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹನ್ನೊಂದು ಮಹಿಳೆಯರು ಅತಿಥಿಗಳಿಗೆ ಅಡುಗೆ ಮಾಡಬೇಕೆಂದಿದ್ದೇವೆ. ಹೊರಗಿನವರಿಗೆ ನಮ್ಮ ಊಟ ಹಿಡಿಸುತ್ತದೆಯೇ, ಅಥವಾ ಉತ್ತರ ಭಾರತದ ತಿನಿಸುಗಳನ್ನು ಕಲಿಯಬೇಕೇ?

ಉತ್ತರ: ದಯವಿಟ್ಟು ಕಲಿಯಬೇಡಿ! ಪನೀರ್ ಬೆಂಗಳೂರಿನ ಪ್ರತಿ ಬೀದಿಯಲ್ಲಿ ಸಿಗುತ್ತದೆ. ಅಕ್ಕಿರೊಟ್ಟಿ, ಕಡುಂಬುಟ್ಟು, ನೂಲ್‌ಪುಟ್ಟು, ಕಾಡುಮಾವಿನ ಸಾರು, ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಪಂದಿಕರಿ ನಿಮ್ಮ ಒಲೆಯ ಮೇಲೆ ಮಾತ್ರ ಸಿಗುತ್ತವೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸದ ಆ ನೇರಳೆ ಬಣ್ಣ ನೋಡಿದವರು ಅದರ ಕಥೆ ಕೇಳದೆ ಏಳುವುದಿಲ್ಲ. ಕಣಿಲೆ, ಅಣಬೆಯನ್ನು ಮಾತ್ರ ನಿಮ್ಮ ತೋಟದಿಂದಲೇ ತನ್ನಿ. ವನ್ಯಜೀವಿಧಾಮದೊಳಗಿನಿಂದ ತರುವುದು ಅಪರಾಧ, ಬೇಡಿಕೆ ಹೆಚ್ಚಿದರೆ ಕಾಡು ಬರಿದಾಗುವುದಕ್ಕೂ ತಡವಾಗದು. ಹಿಂದಿನ ದಿನವೇ ತಿಳಿಸಿದವರಿಗಷ್ಟೇ ಊಟ ಎಂಬ ನಿಯಮವಿಟ್ಟರೆ ಅನ್ನ ಹಾಳಾಗುವುದಿಲ್ಲ. ನೀರನ್ನು ಕಾಯಿಸಿ ಆರಿಸಿ ಕೊಡಿ, ಬಾಟಲಿ ಇಡಲೇಬೇಡಿ. ಸುಗ್ಗಿಯ ಕಟ್ಟುಪಾಡಿನ ದಿನಗಳಲ್ಲಿ ಅಡುಗೆಯನ್ನು ನಿಲ್ಲಿಸಿ. ಅತಿಥಿಗಳಿಗಾಗಿ ಹಬ್ಬದ ರೀತಿ ಬದಲಿಸುವ ಅಗತ್ಯವಿಲ್ಲ.

ಪ್ರಶ್ನೆ: ನಾವು ಮೈಸೂರಿನ ನಾಲ್ವರು ಗೆಳೆಯರು. ಸುಬ್ರಹ್ಮಣ್ಯದ ಗದ್ದಲ ಬಿಟ್ಟು ಕೊಡಗಿನ ಕಡೆಯಿಂದ ಪುಷ್ಪಗಿರಿ ಹತ್ತಬೇಕೆಂದಿದ್ದೇವೆ. ಯಾವಾಗ ಬರಬಹುದು?

ಉತ್ತರ: ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ. ಫೆಬ್ರವರಿಯಿಂದ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಅರಣ್ಯ ಇಲಾಖೆ ದಾರಿ ಮುಚ್ಚುವುದೂ ಉಂಟು. ಟಿಕೆಟ್ ಮೊದಲೇ ಮಾಡಿಸಿ. ಧಾಮದೊಳಗೆ ಬೆಂಕಿ ಹಚ್ಚುವುದು, ಅನುಮತಿಯಿಲ್ಲದೆ ಟೆಂಟ್ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಿಂದಿನ ರಾತ್ರಿ ತಪ್ಪಲಿನ ಯಾವುದಾದರೂ ಮನೆಯಲ್ಲಿ ತಂಗಿ, ಅಲ್ಲಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಂಜು ಮುಸುಕಿದರೆ ಹುಲ್ಲುಗಾವಲಿನಲ್ಲಿ ದಾರಿ ಕಾಣುವುದಿಲ್ಲ, ಮೊಬೈಲ್ ಕೂಡ ಕೈಕೊಡುತ್ತದೆ. ಅಕ್ಟೋಬರಿನಲ್ಲಿ ಜಿಗಣೆ ಇನ್ನೂ ಇರುತ್ತದೆ. ಕಾಲುಚೀಲದ ಮೇಲೆ ಉಪ್ಪು ಉದುರಿಸುವ ಬದಲು ಹೊಗೆಸೊಪ್ಪು ನೆನೆಸಿದ ನೀರನ್ನು ಹಚ್ಚಿಕೊಳ್ಳಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಶಿಖರದಿಂದ ಇಳಿಯಲು ಆರಂಭಿಸಿ.