ಕೂಸಿನ ಕಣ್ಣು ತೋರಿಸಲು ನಲವತ್ತು ದಿನ ಕಾಯಬಹುದಾ?

ಪ್ರಶ್ನೆ: ನಮ್ಮದು ಬ್ಯಾಡಗಿ ಕಡೆಯ ಹಳ್ಳಿ. ಮಗಳಿಗೆ 31 ವಾರಕ್ಕೇ ಹೆರಿಗೆಯಾಯಿತು. ಕೂಸು 1,400 ಗ್ರಾಂ ಇತ್ತು. 22 ದಿನ ಪೆಟ್ಟಿಗೆಯಲ್ಲಿಟ್ಟು, ಆಕ್ಸಿಜನ್ ಕೊಟ್ಟು ಉಳಿಸಿದರು. ಈಗ ಮನೆಗೆ ಬಂದಿದೆ, ಹುಟ್ಟಿ ಇವತ್ತಿಗೆ 25 ದಿನ. ತಿಂಗಳು ತುಂಬುವುದರೊಳಗೆ ಹುಬ್ಬಳ್ಳಿಯಲ್ಲಿ ಕಣ್ಣು ತೋರಿಸಿ ಎಂದು ಚೀಟಿಯಲ್ಲಿ ಬರೆದಿದ್ದಾರೆ. ಕೂಸು ದೀಪದ ಕಡೆ ಚೆನ್ನಾಗಿಯೇ ನೋಡುತ್ತದೆ. ನಲವತ್ತು ದಿನ ಹೊಸ್ತಿಲು ದಾಟಿಸಬಾರದು ಅಂತಾರೆ ಹಿರಿಯರು. ತೊಟ್ಟಿಲಿಗೆ ಹಾಕಿದ ಮೇಲೆ ಹೋದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ ಅಮ್ಮಾ. ಈ ವಾರವೇ ಹೊರಡಿ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅನ್ನುವ ತೆಳು ಪರದೆ ಇದೆ. ಅದರ ರಕ್ತನಾಳಗಳು ಹೊಟ್ಟೆಯಲ್ಲಿ ಸುಮಾರು 16ನೇ ವಾರಕ್ಕೆ ಶುರುವಾಗಿ, ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತವೆ. ಅಂಚು ಮುಟ್ಟಲು ಹೆಚ್ಚುಕಡಿಮೆ ದಿನ ತುಂಬಬೇಕು. ನಿಮ್ಮ ಮೊಮ್ಮಗು ಬೇಗ ಹುಟ್ಟಿತು, ಆ ಕೆಲಸ ಅರ್ಧಕ್ಕೆ ನಿಂತಿತು. ಕೆಲವು ಕೂಸುಗಳಲ್ಲಿ ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಇದಕ್ಕೆ ಆರ್‌ಒಪಿ ಅಂತಾರೆ. ಆಕ್ಸಿಜನ್ ಕೊಟ್ಟದ್ದು ತಪ್ಪಲ್ಲ, ಅದು ಜೀವ ಉಳಿಸಿದೆ. ಆದರೆ ಆಕ್ಸಿಜನ್ ಪಡೆದ ಕೂಸುಗಳಿಗೆ ಈ ಅಪಾಯ ಜಾಸ್ತಿ.

ದೀಪ ನೋಡುತ್ತದೆ ಅಂದಿರಲ್ಲ, ಈ ಕಾಯಿಲೆ ಶುರುವಾದ ಕೂಸೂ ನೋಡುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೋವೂ ಇರುವುದಿಲ್ಲ. ನಾಲ್ಕೈದು ತಿಂಗಳಾದ ಮೇಲೆ ‘ಕಣ್ಣೊಳಗೆ ಬೆಳ್ಳಗೆ ಕಾಣ್ತದೆ’ ಎಂದು ಓಡಿಬಂದ ತಾಯಂದಿರನ್ನು ನೋಡಿದ್ದೇನೆ. ಆಗ ನಾವು ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಅದೇ ಸರಿಯಾದ ವಾರದಲ್ಲಿ ಕಂಡರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ಹೆಚ್ಚಿನ ಕೂಸುಗಳ ದೃಷ್ಟಿ ಉಳಿಯುತ್ತದೆ. ಅದಕ್ಕೇ 34 ವಾರಕ್ಕಿಂತ ಮೊದಲು ಹುಟ್ಟಿದ, ಇಲ್ಲವೇ ಎರಡು ಕೆಜಿಗಿಂತ ಕಡಿಮೆ ಇದ್ದ ಕೂಸುಗಳಿಗೆ ನಾಲ್ಕು ವಾರದೊಳಗೆ ಮೊದಲ ಪರೀಕ್ಷೆ ಆಗಲೇಬೇಕು.

ಹಿರಿಯರು ಹೇಳುವುದರಲ್ಲೂ ಅರ್ಥವಿದೆ. ಥಂಡಿ, ಹತ್ತು ಜನರ ಕೈ, ಕೆಮ್ಮು, ಇವು ಇಂಥ ಕೂಸಿಗೆ ನಿಜವಾಗಿಯೂ ಕೆಟ್ಟವು. ಹಾಗಾಗಿ ಕೂಸನ್ನು ಮಗಳ ಎದೆಗೇ ಹಚ್ಚಿ, ಮೈಗೆ ಮೈ ತಾಗಿಸಿ, ಕುಂಚಿಗೆ ಹಾಕಿ, ಮೇಲೊಂದು ಶಾಲು ಹೊದಿಸಿ ಕರೆದೊಯ್ಯಿರಿ. ತಾಯಿಯ ಮೈ ಕಾವಿಗಿಂತ ಒಳ್ಳೆಯ ಪೆಟ್ಟಿಗೆ ದಾರಿಯಲ್ಲಿ ಸಿಗುವುದಿಲ್ಲ. ಜೊತೆಗೆ ಒಬ್ಬರು ಸಾಕು.

ಹೊರಡುವ ಮೊದಲು ಕೂಸು ಇದ್ದ ಘಟಕಕ್ಕೆ ಒಂದು ಫೋನ್ ಮಾಡಿ. 2008ರಿಂದ ಕರ್ನಾಟಕದಲ್ಲಿ ಕಿಡ್ರಾಪ್ ಎಂಬ ಯೋಜನೆಯ ತಂಡಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗಿ ಇಂಥ ಕಣ್ಣು ಪರೀಕ್ಷೆ ಮಾಡುತ್ತಿವೆ. ತಿಂಗಳೊಳಗೆ ಹತ್ತಿರ ಎಲ್ಲಾದರೂ ಪರೀಕ್ಷೆ ಇದ್ದರೆ ಅಷ್ಟು ದೂರ ಹೋಗುವುದು ತಪ್ಪುತ್ತದೆ. ಇಲ್ಲ ಅಂದರೆ ಹುಬ್ಬಳ್ಳಿಗೇ ಹೋಗಿ. ಮಕ್ಕಳ ಆರೋಗ್ಯ ತಪಾಸಣೆಗೆಂದು ಇರುವ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ. ಖರ್ಚಿನ ಚಿಂತೆ ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪರೀಕ್ಷೆಗೆ ಒಂದು ತಾಸು ಮೊದಲೇ ಹಾಲು ಕುಡಿಸಿ ಮುಗಿಸಿ. ಡ್ರಾಪ್ಸ್ ಹಾಕಿ, ಕಣ್ಣು ಅಗಲಿಸಿ ನೋಡುತ್ತಾರೆ. ಕೂಸು ಜೋರಾಗಿ ಅಳುತ್ತದೆ, ಗಾಬರಿಯಾಗಬೇಡಿ, ಕೆಲವೇ ನಿಮಿಷ. ಒಮ್ಮೆ ನೋಡಿದರೆ ಮುಗಿಯಲಿಲ್ಲ. ನಾಳಗಳು ಅಂಚು ಮುಟ್ಟುವವರೆಗೆ ಒಂದೆರಡು ವಾರಕ್ಕೊಮ್ಮೆ ಕರೆಯಬಹುದು. ಮುಂದಿನ ತಾರೀಖು ಬರೆಸಿಕೊಂಡೇ ಹೊರಬನ್ನಿ. ತೊಟ್ಟಿಲ ಕಾರ್ಯದ ದಿನವನ್ನು ಆ ತಾರೀಖು ನೋಡಿಕೊಂಡು ಇಟ್ಟುಕೊಳ್ಳಿ.