ಪಾಠವಿಲ್ಲದೆ ಬರೆದವನ ಬಗ್ಗೆ, ಪಿಟೀಲು ಮೇಷ್ಟ್ರಿಗೆ

ಪ್ರಿಯ ಮೇಷ್ಟ್ರೇ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಳೆಯ ಸಂಗೀತ ರಚನಕಾರ ಆಂಟನಿ ಫಿಲಿಪ್ ಹೈನ್ರಿಕ್ ಬಗ್ಗೆ ನಾವು ಹಾಕಿದ್ದ ಪುಟ್ಟ ಟಿಪ್ಪಣಿ ನಿಮಗೆ ಸಿಟ್ಟು ತರಿಸಿದೆ. 'ಗುರುವಿಲ್ಲದೆ ಕಾಡಲ್ಲಿ ಕೂತವನು ಅಮೆರಿಕದ ಬೀಥೋವನ್ ಆದ ಎಂದು ಓದಿದರೆ ನನ್ನ ಹತ್ತಿರ ಪಿಟೀಲು ಕಲಿಯುವ ಹುಡುಗರು ನಾಳೆಯಿಂದ ಪಾಠವೇ ಬೇಡ ಅನ್ನುತ್ತಾರೆ' ಎಂದಿದ್ದೀರಿ. ಜೊತೆಗೆ, ಇಷ್ಟೆಲ್ಲ ಹೊಗಳುವುದಕ್ಕೆ ಅವನು ಬರೆದದ್ದಾದರೂ ಏನು ಎಂದೂ ಕೇಳಿದ್ದೀರಿ. ಟಿಪ್ಪಣಿಗೆ ಅಂದು ಸಿಕ್ಕ ಜಾಗ ಕಡಿಮೆ. ಇವತ್ತು ಸ್ವಲ್ಪ ಉದ್ದಕ್ಕೇ ಮಾತಾಡೋಣ.

ಮೊದಲಿಗೆ, ನಿಮ್ಮ ಹುಡುಗರಿಗೆ ಇಷ್ಟು ಹೇಳಿ. ಹೈನ್ರಿಕ್ ಸ್ವರವೇ ಗೊತ್ತಿಲ್ಲದವನಲ್ಲ. 1781ರಲ್ಲಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಬೊಹೀಮಿಯಾದಲ್ಲಿ (ಈಗಿನ ಚೆಕ್ ದೇಶದ ಭಾಗ) ಹುಟ್ಟಿದವನು. ಚಿಕ್ಕಂದಿನಲ್ಲೇ ಪಿಟೀಲು, ಪಿಯಾನೋ ನುಡಿಸುತ್ತಿದ್ದ. ಅವನು ಯಾರಿಂದಲೂ ಕಲಿಯದೇ ಇದ್ದದ್ದು ಸಂಗೀತ ರಚಿಸುವ ವಿದ್ಯೆಯನ್ನು. ಅದರ ಗೋಜಿಗೆ ಹೋಗಲು ಅವನಿಗೆ ಕಾರಣವೂ ಇರಲಿಲ್ಲ. ಸಾಕಿದ ಚಿಕ್ಕಪ್ಪನಿಂದ ಬಂದ ದೊಡ್ಡ ಸಗಟು ವ್ಯಾಪಾರ ಕೈಯಲ್ಲಿತ್ತು. ಸಂಗೀತ ಸುಮ್ನೆ ಖುಷಿಗೆ.

ಆ ವ್ಯಾಪಾರ ಮುಳುಗಿತು. ನೆಪೋಲಿಯನ್ ಯುದ್ಧಗಳ ಸಾಲದಲ್ಲಿ ಆಸ್ಟ್ರಿಯಾ ಸರ್ಕಾರ 1811ರಲ್ಲಿ ದಿವಾಳಿ ಎದ್ದು, ಕಾಗದದ ಹಣದ ಬೆಲೆಯನ್ನು ಐದರಲ್ಲೊಂದು ಪಾಲಿಗೆ ಇಳಿಸಿಬಿಟ್ಟಿತು. ಹಾಗೆ ಕೈ ಬರಿದಾದ ವ್ಯಾಪಾರಿಗಳಲ್ಲಿ ಹೈನ್ರಿಕ್‌ ಒಬ್ಬ. ಅಮೆರಿಕದವಳಾದ ಹೆಂಡತಿ ತೀರಿಕೊಂಡಳು. ಎಳೆ ಮಗಳು ಬೊಹೀಮಿಯಾದಲ್ಲಿ ನೆಂಟರ ಮನೆಯಲ್ಲಿ ಉಳಿದಳು. ಅಮೆರಿಕ ಸೇರಿದ ಇವನು ಹೊಟ್ಟೆಪಾಡಿಗೆ ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗ್‌ಗೆ, ಹತ್ತಿರ ಹತ್ತಿರ 480 ಕಿಲೋಮೀಟರ್ ದಾರಿಯನ್ನು ನಡೆದೇ ಹೋದ. ಅಲ್ಲಿನ ರಂಗಮಂದಿರದ ಕೆಲಸವೂ ಉಳಿಯಲಿಲ್ಲ. ಅಲ್ಲಿಂದ ಮುಂದೆ ಕೆಂಟಕಿ ರಾಜ್ಯ.

ಕೆಂಟಕಿ ಎಂದ ಕೂಡಲೇ ಬರೀ ಕಾಡು ಅಂದುಕೊಳ್ಳಬೇಡಿ. ಲೆಕ್ಸಿಂಗ್ಟನ್‌ನಲ್ಲಿ ಆಗಲೇ ವಿಶ್ವವಿದ್ಯಾಲಯವಿತ್ತು. ಅಲ್ಲಿ 1817ರ ನವೆಂಬರ್ 12ರಂದು ಹೈನ್ರಿಕ್ ಒಂದು ಕಚೇರಿ ನಡೆಸಿ, ಬೀಥೋವನ್‌ನ ಒಂದು ಸಿಂಫನಿಯನ್ನು (ದೊಡ್ಡ ವಾದ್ಯವೃಂದಕ್ಕೆಂದು ಬರೆದ ಉದ್ದನೆಯ ರಚನೆ), ಬಹುಶಃ ಮೊದಲನೆಯದನ್ನು, ನುಡಿಸಿದ. ಬೀಥೋವನ್ ಇನ್ನೂ ವಿಯೆನ್ನಾದಲ್ಲಿ ಬದುಕಿದ್ದ ಕಾಲ ಅದು! ಅಮೆರಿಕದಲ್ಲಿ ಅವನ ಸಿಂಫನಿ ಕೇಳಿಸಿದ ತೀರಾ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಸಿಂಫನಿ ನುಡಿಸುವುದಕ್ಕೆ ಜನ ಬೇಕು, ವಾದ್ಯ ಬೇಕು, ಟಿಕೆಟ್ ಕೊಳ್ಳುವವರೂ ಬೇಕು. ಅಷ್ಟು ಊರು ಅಲ್ಲಿ ಬೆಳೆದಿತ್ತು.

ಕಾಡಿನ ಕತೆ ಶುರುವಾಗುವುದು ಇದರ ನಂತರ. ಜ್ವರ ಬಂದು ಮಲಗಿದವನು 1818ರಲ್ಲಿ ಬಾರ್ಡ್ಸ್‌ಟೌನ್ ಹತ್ತಿರ ಮರದ ದಿಮ್ಮಿಗಳ ಒಂದು ಮನೆ ಸೇರಿದ. ಮೂವತ್ತೇಳರ ವಯಸ್ಸು. ಅಲ್ಲಿ ಕೂತು ಬರೆಯತೊಡಗಿದ. ಹಾಡು, ಪಿಯಾನೋ ತುಣುಕು, ಪಿಟೀಲಿನ ರಚನೆ, ಕೈಗೆ ಬಂದದ್ದೆಲ್ಲ. ಆಮೇಲೆ ಲೂಯಿವಿಲ್ ಬಳಿ ಫಾರ್ಮಿಂಗ್ಟನ್ ಎಂಬ ಎಸ್ಟೇಟ್‌ನಲ್ಲಿ ನ್ಯಾಯಾಧೀಶ ಜಾನ್ ಸ್ಪೀಡ್ ಅವನಿಗೆ ಜಾಗ ಕೊಟ್ಟ. ಅಲ್ಲಿ ಹೆಂಪ್ ಎಂಬ ನಾರಿನ ಬೆಳೆ ತೆಗೆಯುತ್ತಿದ್ದವರು ಗುಲಾಮರು. ಅವನ ಬಿಡುವಿನ ಹಿಂದೆ ಅವರ ದುಡಿಮೆಯೂ ಇತ್ತು. 'ಏಕಾಂತದ ಸಂಗೀತ' ಎಂದು ಬರೆಯುವವರು ಇದನ್ನು ಜಾಸ್ತಿ ಹೇಳುವುದಿಲ್ಲ.

1820ರಲ್ಲಿ ಎಲ್ಲ ಸೇರಿಸಿ 'ದಿ ಡಾನಿಂಗ್ ಆಫ್ ಮ್ಯೂಸಿಕ್ ಇನ್ ಕೆಂಟಕಿ' (ಕೆಂಟಕಿಯಲ್ಲಿ ಸಂಗೀತದ ಉದಯ) ಎಂಬ ಪುಸ್ತಕ ಅಚ್ಚಾಯಿತು. ಅಮೆರಿಕದ ಸಂಗೀತಗಾರ ಎಂದು ಕರೆಸಿಕೊಳ್ಳುವುದಕ್ಕಿಂತ ದೊಡ್ಡ ಹೆಮ್ಮೆ ತನಗಿಲ್ಲ ಎಂಬರ್ಥದ ಮಾತು ಅದರ ಮುನ್ನುಡಿಯಲ್ಲೇ ಇದೆ. 1822ರಲ್ಲಿ ಬಾಸ್ಟನ್‌ನ ವಿಮರ್ಶಕನೊಬ್ಬ ಇದನ್ನು ನೋಡಿ 'ಅಮೆರಿಕದ ಬೀಥೋವನ್' ಎಂದ. ಆ ಬಿರುದು ಅತಿಯಾಯಿತು ಎನ್ನುವ ನಿಮ್ಮ ಮಾತು ನನಗೂ ಒಪ್ಪಿಗೆ. ಬೀಥೋವನ್ ನಾಲ್ಕು ಸ್ವರ ಹಿಡಿದು ಒಂದು ಲೋಕವನ್ನೇ ಕಟ್ಟುತ್ತಾನೆ. ಹೈನ್ರಿಕ್ ಕಟ್ಟುವುದಿಲ್ಲ, ಪೇರಿಸುತ್ತಾನೆ. ಒಂದು ಧಾಟಿ ಮುಗಿಯುವ ಮೊದಲೇ ಇನ್ನೊಂದು. ನಡುವೆ 'ಯಾಂಕಿ ಡೂಡಲ್' ಎಂಬ ಅಮೆರಿಕದ ಜನಪ್ರಿಯ ಹಾಡು ನುಗ್ಗುತ್ತದೆ. ನುಡಿಸುವವರ ಬೆರಳಿಗೆ ಕರುಣೆಯೇ ಇಲ್ಲ. ಮೇಷ್ಟ್ರೊಬ್ಬರು ಪಕ್ಕದಲ್ಲಿದ್ದಿದ್ದರೆ ಅರ್ಧಕ್ಕರ್ಧ ಹೊಡೆದು ಹಾಕುತ್ತಿದ್ದರು. ಬಹಳ ಕಡೆ ಅದು ಸರಿಯೂ ಆಗುತ್ತಿತ್ತು. ಆದರೆ ಆ ವಿಚಿತ್ರ, ಗಡಿಬಿಡಿಯ, ಜೀವ ತುಂಬಿದ ಜಾಗಗಳೂ ಅದೇ ಗೆರೆಗೆ ಸಿಕ್ಕಿ ಹೋಗುತ್ತಿದ್ದವಲ್ಲ! ನನಗೆ ಅವನು ಇಷ್ಟವಾಗುವುದು ಅಲ್ಲೇ.

ಇನ್ನೊಂದು ವಿಷಯ. ವಾದ್ಯವೃಂದಕ್ಕೆಂದು ಅವನು ಬರೆದ ದೊಡ್ಡ ರಚನೆಗಳು ಆ ದಿಮ್ಮಿ ಮನೆಯಲ್ಲಿ ಹುಟ್ಟಿದವಲ್ಲ. ಲಂಡನ್‌ಗೆ ಹೋಗಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಸಂಬಳಕ್ಕೆ ಪಿಟೀಲು ನುಡಿಸಿದ. ಅಷ್ಟೊಂದು ವಾದ್ಯಗಳ ನಡುವೆ ದಿನಾ ಕೂತ ಮೇಲೆ, 1831ರಲ್ಲಿ, ಅಮೆರಿಕದ ಮೂಲನಿವಾಸಿಗಳಾದ ಚೊಕ್ಟಾ ಜನರ ನಾಯಕ ಪುಷ್ಮತಾಹನ ಹೆಸರಿನಲ್ಲಿ ವಾದ್ಯವೃಂದದ ರಚನೆ ಬಂತು. ಅದೂ ಪಾಠವೇ ಅಲ್ವಾ ಮೇಷ್ಟ್ರೇ? ಗುರು ಒಬ್ಬರಿರಲಿಲ್ಲ, ಅಷ್ಟೇ. ಕಾಡು ಅವನಿಗೆ ಬರೆಯುವ ಧೈರ್ಯ ಕೊಟ್ಟಿತು. ಬರೆದದ್ದನ್ನು ನುಡಿಸುವವರನ್ನು ಕೊಡಲಿಲ್ಲ. ಅವರಿಗಾಗಿ ಅವನು ಉಳಿದ ಆಯಸ್ಸನ್ನೆಲ್ಲ ಬಾಸ್ಟನ್, ಲಂಡನ್, ನ್ಯೂಯಾರ್ಕ್, ಪ್ರಾಗ್ ಎಂದು ಅಲೆದ.

ನ್ಯೂಯಾರ್ಕ್‌ನಲ್ಲಿ ಅವನು ಎಲ್ಲರಿಗೂ 'ಫಾದರ್ ಹೈನ್ರಿಕ್'. 1842ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಎಂಬ ವಾದ್ಯವೃಂದ ಕಟ್ಟಲು ಸೇರಿದ ಮೊದಲ ಸಭೆಗೆ ಅವನೇ ಅಧ್ಯಕ್ಷ. ಅವನನ್ನು ಅಮೆರಿಕದ ಅಧ್ಯಕ್ಷ ಜಾನ್ ಟೈಲರ್ ಮುಂದೆ ಕರೆದೊಯ್ದ ಕತೆಯನ್ನು ಜೊತೆಗಿದ್ದ ಜಾನ್ ಹಿಲ್ ಹ್ಯೂವಿಟ್ ಬರೆದಿಟ್ಟಿದ್ದಾನೆ. ಹೈನ್ರಿಕ್ ಮೈಮರೆತು ತನ್ನ ದೊಡ್ಡ ರಚನೆ ನುಡಿಸುತ್ತಿದ್ದಾನೆ. ಟೈಲರ್ ಹತ್ತಿರ ಬಂದು, ವರ್ಜೀನಿಯಾದ ಒಂದು ಒಳ್ಳೆ ಕುಣಿತದ ಹಾಡು ನುಡಿಸಬಾರದೇ ಎಂದನಂತೆ. ಹೈನ್ರಿಕ್ ಹಾಳೆ ಸುತ್ತಿ, ಟೋಪಿ ಎತ್ತಿಕೊಂಡು ಎದ್ದ. ಹೊರಗೆ ಬಂದು, ಇವನನ್ನು ಅಧ್ಯಕ್ಷನನ್ನಾಗಿ ಮಾಡಿದವರನ್ನು ನೇಣಿಗೆ ಹಾಕಬೇಕು, ಸಂಗೀತದ ವಿಷಯದಲ್ಲಿ ಚಿಪ್ಪಿನೊಳಗಿನ ಹುಳಕ್ಕಿಂತ ಹೆಚ್ಚು ಇವನಿಗೆ ಗೊತ್ತಿಲ್ಲ ಎಂದು ಕೂಗಾಡಿದನಂತೆ. ಹ್ಯೂವಿಟ್ ಸ್ವಲ್ಪ ಒಗ್ಗರಣೆ ಹಾಕಿರಬಹುದು ಬಿಡಿ.

ಎಪ್ಪತ್ತು ದಾಟಿದ ಮೇಲೆ ಅವನು ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳ ವಲಸೆಯ ಮೇಲೂ ಒಂದು ದೊಡ್ಡ ರಚನೆ ಮಾಡಿದ. ಆಗ ಅವು ಆಕಾಶವೇ ಕಪ್ಪಾಗುವ ಹಾಗೆ ಹಾರುತ್ತಿದ್ದವು. 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಕೊನೆಯ ಹಕ್ಕಿ ಸತ್ತಿತು. ಹೈನ್ರಿಕ್ 1861ರಲ್ಲಿ ನ್ಯೂಯಾರ್ಕ್‌ನಲ್ಲಿ ಬಡತನದಲ್ಲೇ ತೀರಿಕೊಂಡ.

ಕೇಳುವುದಾದರೆ ಎಲ್ಲಿಂದ ಶುರು ಮಾಡಲಿ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಆಂಡೀಸ್‌ನ ಕಾಂಡೋರ್ ಎಂಬ ಭಾರೀ ರಣಹದ್ದು ಮತ್ತು ಹದ್ದಿನ ಕಾಳಗವನ್ನು ಹೇಳುವ 'ದಿ ಆರ್ನಿಥಾಲಾಜಿಕಲ್ ಕಾಂಬ್ಯಾಟ್ ಆಫ್ ಕಿಂಗ್ಸ್' ಒಳ್ಳೆಯದು. ಸಿರಾಕ್ಯೂಸ್ ಸಿಂಫನಿ ಎಂಬ ವಾದ್ಯವೃಂದ ನುಡಿಸಿದ ಧ್ವನಿಮುದ್ರಣವಿದೆ. ಹುಡುಗರನ್ನೂ ಕೂರಿಸಿಕೊಂಡು ಕೇಳಿ. ಎಲ್ಲಿ ನೀವು ಕೆಂಪು ಪೆನ್ಸಿಲ್ ಎತ್ತಿಕೊಂಡಿರಿ ಎಂದು ಮುಂದಿನ ಪತ್ರದಲ್ಲಿ ಬರೆಯಿರಿ.

— ಸಂಪಾದಕ