ಸ್ಯಾಂಪಲ್‌ಗೆ ಐಸ್ ಇಡಬೇಕಾ?

ಪ್ರಶ್ನೆ: ಅಮ್ಮನಿಗೆ ಪದೇ ಪದೇ ಉರಿಮೂತ್ರ. ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲು ಮಂಗಳೂರಿನ ಲ್ಯಾಬಿಗೆ ಮೂತ್ರ ಕೊಟ್ಟೆವು. ‘ಹಲವು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಮತ್ತೊಮ್ಮೆ ಕೊಡಿ’ ಅಂತ ರಿಪೋರ್ಟ್ ಬಂತು. ಅಪ್ಪನಿಗೆ ಶುಗರ್, ಕಾಲಿನ ಹುಣ್ಣಿನ ಕೀವನ್ನೂ ಪರೀಕ್ಷೆಗೆ ಕೊಡಬೇಕು. ಎರಡನ್ನೂ ಐಸ್ ಡಬ್ಬಿಯಲ್ಲಿ ಒಯ್ಯಬಹುದಾ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಮೂತ್ರಕ್ಕೆ ಐಸ್ ಸರಿ, ಕೀವಿಗೆ ಬೇಡ.

ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಮಾತ್ರ ನೋಡುವುದಲ್ಲ, ಎಷ್ಟಿದೆ ಅಂತಲೂ ಎಣಿಸುತ್ತಾರೆ. ಒಂದು ಮಿಲಿಲೀಟರಿಗೆ 1 ಲಕ್ಷ ದಾಟಿದರೆ ಸಾಮಾನ್ಯವಾಗಿ ಸೋಂಕು ಅಂತ ಲೆಕ್ಕ. ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೇ ದುಪ್ಪಟ್ಟಾಗುತ್ತದೆ. ನೀವು ಕಾಸರಗೋಡಿಗೆ ಬಂದು, ಬಸ್ ಬದಲಿಸಿ, ತಲಪಾಡಿ ದಾಟುವಷ್ಟರಲ್ಲಿ ಆ ಲೆಕ್ಕ ಪೂರ್ತಿ ಕೆಟ್ಟಿರುತ್ತದೆ, ಅದೂ ನಮ್ಮ ಏಪ್ರಿಲ್ ಸೆಕೆಗೆ! ಮೂತ್ರ 2 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಆಗದಿದ್ದರೆ ತಣ್ಣಗಿಡಿ, 24 ಗಂಟೆವರೆಗೆ ನಡೆಯುತ್ತದೆ. ಫ್ರೀಜರ್ ಮಾತ್ರ ಬೇಡ. ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಲ್ಯಾಬಿನವರು ಬೋರಿಕ್ ಆಸಿಡ್ ಹಾಕಿದ ಟ್ಯೂಬ್ ಕೊಟ್ಟರೆ ಗೆರೆವರೆಗೆ ತುಂಬಿಸಿ. ಕಡಿಮೆ ಹಾಕಿದರೆ ಆಸಿಡ್ ಜಾಸ್ತಿಯಾಗಿ ಬ್ಯಾಕ್ಟೀರಿಯಾವೇ ಸಾಯಬಹುದು.

ಆದರೆ ‘ಹಲವು ಬಗೆ’ ಅಂತ ಬಂದಿದೆಯಲ್ಲ, ನನ್ನ ಅನುಮಾನ ಮೂತ್ರ ಹಿಡಿದ ರೀತಿಯ ಮೇಲೇ, ಮೈಮೇಲಿನ ಬ್ಯಾಕ್ಟೀರಿಯಾ ಸೇರಿರಬಹುದು. ಅಮ್ಮ ಮೊದಲು ನೀರಿನಿಂದ ತೊಳೆದುಕೊಳ್ಳಲಿ. ಶುರುವಿನ ಮೂತ್ರ ಬಿಟ್ಟು ನಡುವಿನದ್ದನ್ನು ಹಿಡಿಯಲಿ. ಡಬ್ಬಿ ಲ್ಯಾಬಿನದ್ದೇ ಆಗಬೇಕು. ನಾನು ಲ್ಯಾಬಿನಲ್ಲಿದ್ದಾಗ ಟಾನಿಕ್ ಬಾಟಲಿ ಕಂಡರೆ ಸಿಟ್ಟು ಬರುತ್ತಿತ್ತು. ಬಿಸಿನೀರಲ್ಲಿ ತೊಳೆದಿದ್ದೇವೆ ಸಾರ್ ಅನ್ನುತ್ತಿದ್ದರು. ಅಷ್ಟಕ್ಕೆಲ್ಲ ಅದು ಸ್ಟೆರೈಲ್ (ಪೂರ್ತಿ ಕ್ರಿಮಿಮುಕ್ತ) ಆಗುವುದಿಲ್ಲ.

ಕೀವಿನ ವಿಷಯ ಬೇರೆ. ಅಲ್ಲಿ ಹೆದರಿಕೆ ಬ್ಯಾಕ್ಟೀರಿಯಾ ಬೆಳೆಯುವುದಕ್ಕಲ್ಲ, ಒಣಗಿ ಸಾಯುವುದಕ್ಕೆ. ಸುಮ್ನೆ ಹತ್ತಿಕಡ್ಡಿಯಲ್ಲಿ ಒರೆಸಿ ಒಯ್ಯಬೇಡಿ. ಏಮೀಸ್ ಮೀಡಿಯಂ ಎಂಬ ಜೆಲ್ಲಿ ಇರುವ ಸ್ವಾಬ್ (ಸ್ಯಾಂಪಲ್ ತೆಗೆಯುವ ಕಡ್ಡಿ) ಸಿಗುತ್ತದೆ, ಕೆಲವದರಲ್ಲಿ ಇದ್ದಿಲಪುಡಿ ಸೇರಿಸಿ ಜೆಲ್ಲಿ ಕಪ್ಪಗಿರುತ್ತದೆ. ಬ್ಯಾಕ್ಟೀರಿಯಾ ಬೆಳೆಯಲಿಕ್ಕೂ ಬಿಡದೆ, ಸಾಯಲಿಕ್ಕೂ ಬಿಡದೆ ಒಂದು ದಿನ ಹಿಡಿದಿಡುತ್ತದೆ. ಮಾಮೂಲಿ ತಾಪಮಾನ ಸಾಕು, ಬಿಸಿಲು ತಾಗದಿರಲಿ. ಶುಗರ್ ಹುಣ್ಣಿನ ಆಳದಲ್ಲಿ ಗಾಳಿ ತಾಗಿದರೆ ಸಾಯುವ ಬ್ಯಾಕ್ಟೀರಿಯಾಗಳೂ ಇರಬಹುದು. ಹಾಗಾಗಿ ಮೇಲಿನ ಕೀವು ಒರೆಸುವುದಕ್ಕಿಂತ ಡಾಕ್ಟರರೇ ಹುಣ್ಣು ಶುಚಿ ಮಾಡಿ ಒಳಗಿನಿಂದ ತೆಗೆಯುವುದು ಒಳ್ಳೆಯದು. ಅವರು ಮಾಂಸದ ಚೂರು ತೆಗೆದುಕೊಟ್ಟರೆ ಅದನ್ನು ಫಾರ್ಮಲಿನ್‌ಗೆ (ಮಾಂಸ ಕೆಡದಂತೆ ಇಡುವ ದ್ರಾವಣ) ಹಾಕಿಸಬೇಡಿ. ಫಾರ್ಮಲಿನ್ ಬಯಾಪ್ಸಿಗೆ ಸರಿ, ಕಲ್ಚರ್‌ಗೆ ಕೊಡುವ ಚೂರನ್ನು ಅದಕ್ಕೆ ಹಾಕಿದರೆ ಬ್ಯಾಕ್ಟೀರಿಯಾ ಎಲ್ಲ ಸತ್ತಿರುತ್ತವೆ.

ಆಂಟಿಬಯೋಟಿಕ್ ಶುರುವಾಗುವ ಮುಂಚೆಯೇ ಸ್ಯಾಂಪಲ್ ತೆಗೆಸಿ. ಈಗಾಗಲೇ ನುಂಗುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಯಾವ ಮಾತ್ರೆ ಅಂತ ಚೀಟಿಯಲ್ಲಿ ಬರೆಸಿ. ಹೆಸರು, ಹಿಡಿದ ಗಂಟೆ ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಲ್ಯಾಬಿನಲ್ಲಿ ಮೊದಲು ತೆಗೆದಿಡುವುದೇ ಮುಚ್ಚಳ.